ಕೊಲೋನ್‌ಗೆ ಬೇಕಾದ ಕಾಗದಗಳು

ಯುರೋಪಿಗೆ ಹೋಗುವುದು ಬಹಳ ಕಷ್ಟ ಎಂದು ನನಗೆ ಹೇಳಿದವರೆಲ್ಲ ಸೊಲ್ಲಾಪುರದ ಆಚೆ ಕಾಲಿಡದವರು. ನಾನೂ ಇಟ್ಟಿರಲಿಲ್ಲ, ಆದರೆ ನಾನು ಭೂಗೋಳ ಕಲಿಸುವವಳು. ಇಪ್ಪತ್ತು ವರ್ಷ, ಮೊದಲು ಮುದ್ದೇಬಿಹಾಳದಲ್ಲಿ, ಆಮೇಲೆ ಬಸವನ ಬಾಗೇವಾಡಿಯಲ್ಲಿ, ಈಗ ಇಂಡಿ ಊರಿನ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ, ರೈನ್ ನದಿಯನ್ನು ಆಲ್ಪ್ಸ್ ಪರ್ವತದಿಂದ ಉತ್ತರ ಸಮುದ್ರದವರೆಗೆ ಸೀಮೆಸುಣ್ಣದಲ್ಲಿ ಹರಿಸಿದ್ದೇನೆ. ಪ್ರತಿ ವರ್ಷ ಯಾವಳಾದರೂ ಒಬ್ಬಳು ಎದ್ದು ನಿಂತು, ಅಕ್ಕಾರ ನೀವು ಅದನ್ನ ನೋಡೀರೇನ್ರಿ ಎಂದು ಕೇಳುತ್ತಾಳೆ. ಇಲ್ಲ ಎಂದರೆ ಹಿಂದಿನ ಬೆಂಚಿನಲ್ಲಿ ಕಿಸಕ್ಕನೆ ನಗು. ಆ ನಗು ಕೇಳಿ ಕೇಳಿ ನನಗೆ ಸಾಕಾಗಿತ್ತು.

ರೈನ್ ನದಿಯ ದಂಡೆಯ ಕೊಲೋನ್ ಪಟ್ಟಣದಲ್ಲಿ ಉರ್ಸುಲಾ ಎಂಬ ಶಿಕ್ಷಕಿ ಇದ್ದಳು. ಅವಳೂ ಭೂಗೋಳ ಕಲಿಸುವವಳು. ಪತ್ರಿಕೆಯೊಂದರ ಪತ್ರಮೈತ್ರಿ ಅಂಕಣದಲ್ಲಿ ಅವಳ ವಿಳಾಸ ಸಿಕ್ಕಿ, ಒಂಬತ್ತು ವರ್ಷದಿಂದ ನಾವಿಬ್ಬರೂ ಇಂಗ್ಲಿಷಿನಲ್ಲಿ ಪತ್ರ ಬರೆದುಕೊಳ್ಳುತ್ತಿದ್ದೆವು. ಎಪ್ಪತ್ತೇಳರ ದೀಪಾವಳಿಯ ಹೊತ್ತಿಗೆ ಬಂದ ಪತ್ರದಲ್ಲಿ ಅವಳು ನನ್ನನ್ನು ಕರೆದಿದ್ದಳು. ಎರಡು ವಾರ ತನ್ನ ಮನೆಯಲ್ಲಿ ಇರಬೇಕು, ಒಂದು ವಾರ ತನ್ನ ಮಕ್ಕಳಿಗೆ ಭೀಮಾ ನದಿಯ ಪಾಠ ಮಾಡಬೇಕು. ಬರುವ ಬೇಸಿಗೆಯೇ ಕಡೆ, ಅದಾದ ಮೇಲೆ ಅವಳು ನಿವೃತ್ತಿ ಆಗುವವಳು, ತರಗತಿ ಇರುವುದಿಲ್ಲ. ಪತ್ರ ಓದಿ ಮುಗಿಸುವ ಮೊದಲೇ ನಾನು ಹೋಗುವುದು ಎಂದು ತೀರ್ಮಾನಿಸಿಬಿಟ್ಟಿದ್ದೆ.

ಒಂದು ಇನ್ನೂರು ಪುಟದ ನೋಟ್‌ಬುಕ್ಕು ತಂದೆ. ಎಡಪುಟ ತಾರೀಖಿಗೆ, ಬಲಪುಟ ರೊಕ್ಕಕ್ಕೆ. ಏಪ್ರಿಲ್ ಕೊನೆಯವರೆಗೆ ಉತ್ತರಪತ್ರಿಕೆ ತಿದ್ದುವುದು ಇರುತ್ತದೆ, ಜೂನ್ ಮೊದಲ ವಾರ ಶಾಲೆ ಶುರು. ಮೇ ಹದಿನೈದರವರೆಗೆ ಅಲ್ಲಿಯ ಶಾಲೆಗೆ ಯಾವುದೋ ಹಬ್ಬದ ರಜೆ. ಈ ಮೂರನ್ನೂ ಪಕ್ಕ ಪಕ್ಕ ಬರೆದು ನೋಡಿದರೆ ಉಳಿಯುವುದು ಮೇ ಹದಿನಾರರಿಂದ ಜೂನ್ ಒಂದು. ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ. ನಮ್ಮ ಕಡೆ ಮದುವೆಯ ಮುಹೂರ್ತಕ್ಕೂ ಇಷ್ಟು ಕರಾರುವಾಕ್ಕಾದ ಲೆಕ್ಕ ಹಾಕುವುದಿಲ್ಲ.

ಬಲಪುಟವೂ ಹಾಗೆಯೇ. ವಿಮಾನದ ಟಿಕೆಟ್ ಹೋಗಿ ಬರಲು ಏಳು ಸಾವಿರದ ಚಿಲ್ಲರೆ. ಇಂಡಿ ರೋಡ್ ಸ್ಟೇಷನ್ನಿನಿಂದ ಬೊಂಬಾಯಿಗೆ ರೈಲು, ಅಲ್ಲಿ ಒಂದು ರಾತ್ರಿಯ ವಸತಿ, ಸೊಲ್ಲಾಪುರದ ಬಜಾರದಲ್ಲಿ ಒಂದು ಉಣ್ಣೆಯ ಕೋಟು, ಉರ್ಸುಲಾಗೆ ಒಂದು ಇಳಕಲ್ ಸೀರೆ. ಶಿಕ್ಷಕಿಯರೆಲ್ಲ ಸೇರಿ ತಿಂಗಳಿಗಿಷ್ಟು ರೊಕ್ಕ ಹಾಕುತ್ತಿದ್ದ ಭಿಶಿಯಲ್ಲಿ, ಅಂದರೆ ಚೀಟಿಯಲ್ಲಿ, ಚೀಟಿ ಎತ್ತುವ ನನ್ನ ಪಾಳಿಯನ್ನು ಜಗಳ ಮಾಡಿ ಎಲ್ಲರಿಗಿಂತ ಮೊದಲಿಗೆ ಹಾಕಿಸಿಕೊಂಡೆ. ಪೋಸ್ಟಾಫೀಸಿನ ಪಾಸ್‌ಬುಕ್ಕು ಬರಿದು ಮಾಡಿದೆ. ಕೊಲೋನಿನಲ್ಲಿ ಹೋಟೆಲ್ ಊಟ ಎಂದರೆ ಒಂದು ಹೊತ್ತಿಗೆ ನಮ್ಮ ವಾರದ ಸಂತೆಯ ರೊಕ್ಕ ಬೇಕಂತೆ, ಅದಕ್ಕೆ ಅರವತ್ತು ಕಡಕ್ ರೊಟ್ಟಿ ಮತ್ತು ಎರಡು ಡಬ್ಬಿ ಶೇಂಗಾ ಹಿಂಡಿ ಎಂದು ಬರೆದುಕೊಂಡೆ. ಉರ್ಸುಲಾ ಉಣ್ಣಲು ಹಾಕುತ್ತೇನೆ ಎಂದಿದ್ದಳು. ಅವಳಿಗೂ ರೊಟ್ಟಿಯ ರುಚಿ ಗೊತ್ತಾಗಲಿ ಎಂದು ನನ್ನ ವಾದ.

ಕಾಗದಪತ್ರದ ಕೆಲಸಕ್ಕೆ ಸಿಂದಗಿಯ ಬಾಬುಲಾಲನನ್ನು ಹಿಡಿದೆ. ಬಸ್‌ಸ್ಟ್ಯಾಂಡಿನ ಎದುರು ಅವನದೊಂದು ಅಂಗಡಿ. ಹಜ್ ಯಾತ್ರೆಗೆ ಹೋಗುವವರ ಫಾರ್ಮು ತುಂಬಿ ತುಂಬಿ ಕೈ ಪಳಗಿದವನು. ಯುರೋಪಿಗೆ ಯಾರನ್ನೂ ಕಳಿಸಿದವನಲ್ಲ, ಆದರೆ ಅದನ್ನು ಒಪ್ಪಿಕೊಳ್ಳುವ ಜಾತಿಯವನೂ ಅಲ್ಲ. ಅದಕ್ಕೇ ನನಗೆ ಅವನು ಹಿಡಿಸಿದ. ಉರ್ಸುಲಾಳ ದೇಶಕ್ಕೆ ಆಗ ನಮ್ಮವರಿಗೆ ವೀಸಾ ಬೇಕಿರಲಿಲ್ಲ. ಆದರೆ ಇಳಿದ ಕೂಡಲೇ ಎಲ್ಲಿ ಇರುತ್ತೀ, ಎಷ್ಟು ದಿನ, ಕೈಯಲ್ಲಿ ರೊಕ್ಕ ಎಷ್ಟು, ಹಿಂದಕ್ಕೆ ಹೋಗುವ ಟಿಕೆಟ್ ಎಲ್ಲಿ ಎಂದು ಕೇಳುತ್ತಾರಂತೆ. ಉರ್ಸುಲಾಳ ಆಮಂತ್ರಣ ಪತ್ರ, ಬ್ಯಾಂಕಿನವರು ಕೊಡುವ ಡಾಲರ್ ಚೀಟಿ, ಆಡಳಿತ ಮಂಡಳಿಯ ಒಪ್ಪಿಗೆ, ಸಿಡುಬಿನ ಲಸಿಕೆ ಹಾಕಿಸಿಕೊಂಡ ಹಳದಿ ಪುಸ್ತಕ, ಒಂದೊಂದನ್ನೂ ತಂದು ಅವನ ಮುಂದೆ ಇಟ್ಟೆ. ಉಳಿದದ್ದು ಪಾಸ್‌ಪೋರ್ಟು. ಅದು ಏಪ್ರಿಲ್ ಮೂವತ್ತರೊಳಗೆ ಕೈಗೆ ಬರಬೇಕು, ಇಲ್ಲದಿದ್ದರೆ ಕಾದಿರಿಸಿದ ಸೀಟು ಹೋಗುತ್ತದೆ ಎಂದು ಬಾಬುಲಾಲ ಎರಡೆರಡು ಸಲ ಹೇಳಿದ. ಅದೇನು ಮಹಾ ಎಂದೆ ನಾನು.

ನನ್ನ ಮೆಟ್ರಿಕ್ ಸರ್ಟಿಫಿಕೇಟಿನಲ್ಲಿ ಹುಟ್ಟಿದ ತಾರೀಖು ಇರಲಿಲ್ಲ. ಹೀಗಾಗಿ ಮೊದಲು ಕಲಿತ ಶಾಲೆಯ ರಜಿಸ್ಟರಿನ ನಕಲು ಬೇಕಾಯಿತು. ನನ್ನ ಹುಟ್ಟೂರು ಸಾಲೋಟಗಿ, ಇಂಡಿಯಿಂದ ಬಸ್ಸಿನಲ್ಲಿ ಕೂತು ಬೆವರು ಆರುವಷ್ಟರಲ್ಲಿ ಬರುತ್ತದೆ. ಅಲ್ಲಿ ನಿಂಬೆ ತೋಟ ನೋಡಿಕೊಂಡಿದ್ದ ನನ್ನ ತಮ್ಮ ಗುರಣ್ಣ ಫೆಬ್ರವರಿ ಕೊನೆಗೆ ನಕಲು ಮಾಡಿಸಿ ತಂದುಕೊಟ್ಟ. ಹುಟ್ಟಿದ ತಾರೀಖು ಜೂನ್ ಒಂದು, ಮೂವತ್ತಾರನೇ ಇಸವಿ. ನಮ್ಮೂರ ಶಾಲೆಗೆ ಹೋದವರೆಲ್ಲ ಜೂನ್ ಒಂದಕ್ಕೇ ಹುಟ್ಟಿದವರು, ಅದರಲ್ಲಿ ವಿಶೇಷವಿಲ್ಲ. ಕೆಳಗಿನ ಸಾಲು ನೋಡಿ ಮಾತ್ರ ನಾನು ಕನ್ನಡಕ ತೆಗೆದು ಒರೆಸಿಕೊಂಡೆ. ತಂದೆಯ ಹೆಸರು ಎಂಬಲ್ಲಿ ರಸೂಲಸಾಬ ನದಾಫ ಎಂದು ಇತ್ತು.

ನನ್ನ ತಂದೆ ಮಾಳಿಂಗಪ್ಪ. ತೀರಿಕೊಂಡು ಹತ್ತು ವರ್ಷವಾಗಿತ್ತು. ರಸೂಲಸಾಬ ನಮ್ಮ ಓಣಿಯಲ್ಲೇ ಹತ್ತಿ ಹಿಂಜುವ, ಗಾದಿ ತುಂಬುವ ಮುದುಕ. ಅವನ ಹೆಸರು ಅಲ್ಲಿ ಹೇಗೆ ಬಂತು ಎಂದು ನನಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ನನಗಿಂತ ಮೊದಲು ಹುಟ್ಟಿದ ಮೂರು ಕೂಸು ನಮ್ಮ ಅವ್ವನ ಮಡಿಲಲ್ಲೇ ಹೋಗಿದ್ದವು. ಹಾಗೆ ಆದ ಮನೆಯಲ್ಲಿ ಮುಂದಿನ ಕೂಸನ್ನು ಮಾರಿಬಿಡುವುದು ನಮ್ಮಲ್ಲಿ ಪದ್ಧತಿ. ಇದು ಈ ಮನೆಯದಲ್ಲ ಎಂದು ಸಾವಿಗೆ ತೋರಿಸಬೇಕಲ್ಲ. ರಸೂಲಸಾಬನ ಮನೆಯಲ್ಲಿ ಹುಟ್ಟಿದ ಏಳೂ ಮಕ್ಕಳು ಉಳಿದಿದ್ದವು, ಅವನ ಹೊಸ್ತಿಲು ಗಟ್ಟಿ ಎಂದು ಹೆಸರಾಗಿತ್ತು. ನಾನು ಹುಟ್ಟಿದ ಐದನೇ ದಿನ ನನ್ನನ್ನು ಮೊರದಲ್ಲಿ ಹಾಕಿ ಒಂದು ಸೇರು ಜೋಳಕ್ಕೆ ಅವನಿಗೆ ಮಾರಿದರು. ತೊಟ್ಟಿಲಿಗೆ ಹಾಕಿದ್ದು ಅವರ ಮನೆಯಲ್ಲಿ, ಹಾಲು ಕುಡಿಸಿ ಸಾಕಿದ್ದು ನಮ್ಮ ಮನೆಯಲ್ಲಿ. ಯಾರ ಮಗಳು ಎಂದು ಕೇಳಿದರೆ ನಮ್ಮಪ್ಪ ನನ್ನ ಮಗಳು ಎಂದು ಬಾಯಿಬಿಟ್ಟು ಹೇಳುವ ಹಾಗಿರಲಿಲ್ಲ. ಹೀಗಾಗಿ ನನ್ನನ್ನು ಶಾಲೆಗೆ ಕೈಹಿಡಿದು ಕರೆದೊಯ್ದದ್ದು ರಸೂಲಸಾಬ. ಮಾಸ್ತರರು ಕೇಳಿರಬೇಕು, ಅವನು ನನ್ನ ಮಗಳು ಎಂದಿರಬೇಕು, ಅವರು ಬರೆದುಕೊಂಡಿರಬೇಕು. ಊರ ಹುಡುಗರು ನನ್ನನ್ನು ಸಾಬರ ಇಂದ್ರಿ ಎಂದು ಕಾಡಿಸುತ್ತಿದ್ದರು, ನಾನು ಅವರಿಗೆ ಕಲ್ಲು ಒಗೆಯುತ್ತಿದ್ದೆ. ಮುಂದೆ ಹೈಸ್ಕೂಲಿಗೆ ಬಾಗೇವಾಡಿಯ ಸೋದರಮಾವನ ಮನೆಗೆ ಹೋದಾಗ ಅಪ್ಪನೇ ಬಂದು ಸೇರಿಸಿದ್ದ. ಅಲ್ಲಿಂದ ಮುಂದಿನ ಕಾಗದಗಳಲ್ಲೆಲ್ಲ ಮಾಳಿಂಗಪ್ಪ.

ಬಾಬುಲಾಲ ನಕಲು ನೋಡಿ ಮೊದಲ ಸಲ ಮುಖ ಸಣ್ಣದು ಮಾಡಿದ. ಎರಡು ಕಾಗದದಲ್ಲಿ ಇಬ್ಬರು ತಂದೆಯರಿದ್ದರೆ ಅರ್ಜಿ ಹೋದ ದಾರಿಯಲ್ಲೇ ವಾಪಸು ಬರುತ್ತದೆ ಎಂದ. ನಾನು ನೆಟ್ಟಗೆ ಇಂಡಿಯ ಚಂದಪ್ಪ ವಕೀಲರ ಹತ್ತಿರ ಹೋದೆ. ಅವರಿಗೆ ಇದು ಹತ್ತು ನಿಮಿಷದ ಕೆಲಸ. ಛಾಪಾ ಕಾಗದದ ಮೇಲೆ ರಸೂಲಸಾಬ ಒಂದು ಪ್ರಮಾಣಪತ್ರ ಕೊಟ್ಟರೆ ಸಾಕು, ಬರೆದುಕೊಡುತ್ತೇನೆ ಎಂದರು. ಬರೆದೂ ಕೊಟ್ಟರು: ಇಂದ್ರಾಬಾಯಿ ಎಂಬವಳು ನನ್ನ ಮಗಳಲ್ಲ, ಅವಳಿಗೂ ನನಗೂ ಯಾವುದೇ ಸಂಬಂಧ ಇರುವುದಿಲ್ಲ, ಶಾಲೆಯ ದಾಖಲೆಯಲ್ಲಿ ನನ್ನ ಹೆಸರು ತಪ್ಪಿನಿಂದ ನಮೂದಾಗಿರುತ್ತದೆ. ವಕೀಲರ ಮೇಜಿನ ಮುಂದೆ ಕೂತು ಅದನ್ನು ಓದಿದಾಗ ನನಗೆ ಏನೂ ಅನಿಸಲಿಲ್ಲ. ಹಾಳೆ ಮಡಚಿ ಚೀಲದಲ್ಲಿ ಇಟ್ಟುಕೊಂಡು, ನೋಟ್‌ಬುಕ್ಕಿನಲ್ಲಿ ಆ ಸಾಲಿನ ಮುಂದೆ ಸರಿ ಗುರುತು ಹಾಕಿದೆ. ಹೆಬ್ಬೆಟ್ಟು ಬೀಳುವ ಮೊದಲೇ ಹಾಕಿದೆ, ನನ್ನ ಸ್ವಭಾವವೇ ಹಾಗೆ.

ರವಿವಾರ ಗುರಣ್ಣನನ್ನೂ ಕರೆದುಕೊಂಡು ರಸೂಲಸಾಬನ ಮನೆಗೆ ಹೋದೆ. ಮುದುಕನಿಗೆ ಆಗ ಎಪ್ಪತ್ತಾರು ದಾಟಿತ್ತು, ಕಣ್ಣು ಮಂಜಾಗಿದ್ದವು, ಪಡಸಾಲೆಯ ಹೊರಸಿನ ಮೇಲೆ ಕೂತಿದ್ದ. ನಾನು ಅವನನ್ನು ಬಾಬಾ ಎನ್ನುತ್ತೇನೆ, ಮೊದಲಿನಿಂದಲೂ. ಅವನ ಸೊಸೆ ಶಮಶಾದಬಿ ಚಹಾ ತಂದಿಟ್ಟಳು. ನಾನು ಕೊಲೋನಿನ ವಿಷಯ, ವಿಮಾನದ ವಿಷಯ, ಏಪ್ರಿಲ್ ಮೂವತ್ತರ ವಿಷಯ ಎಲ್ಲ ವಿವರಿಸಿ, ಒಂದು ಹೆಬ್ಬೆಟ್ಟು ಬೇಕು ಎಂದೆ. ಏನು ಬರೆದಿದೆ ಓದು ಎಂದ. ತರಗತಿಯಲ್ಲಿ ಓದುವ ಹಾಗೆ ಗಟ್ಟಿ ದನಿಯಲ್ಲಿ ಶುರು ಮಾಡಿದೆ. ಯಾವುದೇ ಸಂಬಂಧ ಎಂಬಲ್ಲಿಗೆ ಬಂದಾಗ ನನ್ನ ದನಿ ನಿಂತಿತು.

“ಓದವಾ, ಯಾಕ ನಿಂತಿ?” ಎಂದ ರಸೂಲಸಾಬ.

ಉಳಿದದ್ದನ್ನು ಓದಿದೆ. ಅವನು ಹೆಬ್ಬೆಟ್ಟನ್ನು ಧೋತರಕ್ಕೆ ಒರೆಸಿಕೊಂಡು ಮುಂದೆ ಚಾಚಿದ. ಗುರಣ್ಣ ಮಸಿಯ ಡಬ್ಬಿಯ ಮುಚ್ಚಳ ತೆಗೆದ. ಅಷ್ಟರಲ್ಲಿ ಮುದುಕ ಕೈ ಹಿಂದಕ್ಕೆ ತೆಗೆದುಕೊಂಡ.

“ಒತ್ತತೇನಿ. ಆದ್ರ ಮೊದಲ ಗುರಣ್ಣ ಜ್ವಾಳಾ ಕೊಟ್ಟು ನಿನ್ನ ಬಿಡಿಸ್ಕೊಂಡು ಹೋಗ್ಲಿ. ಹಂಗಽ ಒತ್ತಿದ್ರ ಸುಳ್ಳ ಆಕ್ಕೈತಿ.”

ಮಾರಿದ ಕೂಸನ್ನು ಬಿಡಿಸಿಕೊಳ್ಳುವುದೂ ಪದ್ಧತಿಯೇ. ಮದುವೆಯ ಹಿಂದಿನ ದಿನ ತಂದೆತಾಯಿ ಎರಡು ಸೇರು ಜೋಳ ಹೊತ್ತುಕೊಂಡು ಹೋಗಿ ಕೊಟ್ಟು, ಮಗಳನ್ನು ತಮ್ಮ ಮನೆಗೆ ವಾಪಸು ಕರೆತಂದು ಧಾರೆ ಎರೆಯುತ್ತಾರೆ. ನಾನು ಮದುವೆ ಆಗಲಿಲ್ಲ. ನೋಡಲು ಬಂದವರಲ್ಲಿ ನನ್ನ ಬಾಯಿ ತಡೆದುಕೊಳ್ಳುವವನು ಯಾರೂ ಕಾಣಲಿಲ್ಲ, ಅಷ್ಟೇ. ಹೀಗಾಗಿ ನನ್ನನ್ನು ಯಾರೂ ಬಿಡಿಸಿಕೊಂಡಿರಲಿಲ್ಲ. ನಲವತ್ತೆರಡು ವರ್ಷದಿಂದ ನಾನು ರಸೂಲಸಾಬನ ಮಗಳಾಗಿಯೇ ಇದ್ದೆ, ನನಗೆ ಮಾತ್ರ ಅದು ಹೊಳೆದಿರಲಿಲ್ಲ.

ಗುರಣ್ಣನಿಗೆ ಹಗುರಾಯಿತು. ಇಷ್ಟೇ ಅಲ್ಲವೇ ಎಂದು ಜೋಳ ತರಲು ಮನೆಗೆ ಓಡಿದ. ಅವನು ಹೋದ ಮೇಲೆ ರಸೂಲಸಾಬ ನನಗೆ ಒಂದು ಹಳೆಯ ವಿಷಯ ಹೇಳಿದ. ಮುದ್ದೇಬಿಹಾಳದಲ್ಲಿ ನನಗೆ ನೌಕರಿ ಸಿಕ್ಕಾಗ ಅಪ್ಪ ಒಂದು ಸಲ ಜೋಳ ಕಟ್ಟಿಕೊಂಡು ಅವನ ಹತ್ತಿರ ಬಂದಿದ್ದನಂತೆ. ಇನ್ನು ಇವಳು ಮದುವೆ ಆಗುವ ಹಾಗೆ ಕಾಣುವುದಿಲ್ಲ, ಲೆಕ್ಕ ಮುಗಿಸಿಬಿಡೋಣ ಎಂದನಂತೆ. ರಸೂಲಸಾಬ ಒಪ್ಪದೆ ವಾಪಸು ಕಳಿಸಿದ್ದ.

“ಮದವಿ ಆದಾಗ ತಗೊಂತೇನಿ, ಅವಸರ ಏನೈತಿ ಅಂದೆ ನಿಮ್ಮಪ್ಪಗ,” ಎಂದ. “ಖರೆ ಹೇಳ್ಬೇಕಂದ್ರ, ಇನ್ನ ನಾಕು ದಿನ ನಿನ್ನ ಇಟ್ಕೊಬೇಕಂತ ಆಸೆ ಇತ್ತವಾ ನನಗ.”

ಚಹಾದ ಬಸಿ ಕೈಯಲ್ಲಿ ಹಿಡಿದುಕೊಂಡು ಕೂತೆ. ಅಷ್ಟರಲ್ಲಿ ಗುರಣ್ಣ ಮೊರದಲ್ಲಿ ಎರಡು ಸೇರು ಬಿಳಿಜೋಳ ತಂದ, ಶಮಶಾದಬಿ ಸುರಿದುಕೊಳ್ಳಲು ಸೆರಗು ಒಡ್ಡಿದಳು. ಅವಳ ಮುಖ ನೋಡಿದೆ, ಯಾರದೋ ಹೆಣ ಎತ್ತುವಾಗ ನಿಂತ ಹಾಗೆ ನಿಂತಿದ್ದಳು. ನನಗೆ ಎಲ್ಲಿಂದಲೋ ಸಿಟ್ಟು ಬಂತು. ಗುರಣ್ಣನ ಮೇಲೆ, ವಕೀಲರ ಮೇಲೆ, ನೋಟ್‌ಬುಕ್ಕಿನಲ್ಲಿ ಮೊದಲೇ ಸರಿ ಗುರುತು ಹಾಕಿದ ನನ್ನ ಮೇಲೆ. ಜೋಳವನ್ನು ಮನೆಗೆ ಒಯ್ಯಿ ಎಂದು ಗುರಣ್ಣನಿಗೆ ಗದರಿಸಿದೆ. ಅವನು ಟಿಕೆಟಿನ ಮಾತು ತೆಗೆದ, ತಾರೀಖಿನ ಮಾತು ತೆಗೆದ. ರಸೂಲಸಾಬನೂ ಬೈದ, ಹುಚ್ಚಿ ಹಂಗ ಮಾಡಬ್ಯಾಡ, ಇಂಥಾ ದಾರಿ ಮತ್ತ ಸಿಗೂದಿಲ್ಲ, ಹೋಗಿ ಬಾ ಎಂದ.

“ಹೋಗ್ತೇನಿ ಬಾಬಾ,” ಎಂದೆ. “ಈ ಕಾಗದದ ಮ್ಯಾಲ ಹೋಗಾಂಗಿಲ್ಲ.”

ಸೋಮವಾರ ಮತ್ತೆ ವಕೀಲರ ಮುಂದೆ ಕೂತೆ. ಈ ಸಲ ಹೇಳಿದವಳು ನಾನು, ಬರೆದುಕೊಂಡವರು ಅವರು. ನನ್ನನ್ನು ಹಡೆದ ತಂದೆ ಮಾಳಿಂಗಪ್ಪ. ನಮ್ಮ ಕಡೆಯ ಪದ್ಧತಿಯಂತೆ ನನ್ನನ್ನು ರಸೂಲಸಾಬನಿಗೆ ಮಗಳಾಗಿ ಕೊಟ್ಟದ್ದು ನಿಜ. ಶಾಲೆಯಲ್ಲಿ ಅವನ ಹೆಸರು ಬರೆದದ್ದು ತಪ್ಪಿನಿಂದ ಅಲ್ಲ. ಎರಡೂ ಹೆಸರಿನ ಕಾಗದಗಳಲ್ಲಿ ಇರುವ ಇಂದ್ರಾಬಾಯಿ ನಾನೊಬ್ಬಳೇ. ಚಂದಪ್ಪ ವಕೀಲರು ಪೆನ್ನು ಕೆಳಗಿಟ್ಟರು. ತಪ್ಪಿನಿಂದ ಎಂಬ ಶಬ್ದ ಇದ್ದರೆ ಪಾಸ್‌ಪೋರ್ಟು ಆಫೀಸಿನ ಗುಮಾಸ್ತ ಮುಂದೆ ಓದುವುದಿಲ್ಲ, ಈ ಕತೆ ಬರೆದರೆ ಓದುತ್ತಾನೆ, ಓದಿದರೆ ಪ್ರಶ್ನೆ ಕೇಳುತ್ತಾನೆ, ಒಂದು ಪ್ರಶ್ನೆಗೆ ಒಂದು ತಿಂಗಳು ಎಂದರು. ಅವರು ಹೇಳಿದ್ದು ಸರಿಯಾಗಿತ್ತು. ಮಾರ್ಚ್ ಆರಂಭವಾಗಿತ್ತು, ನನ್ನ ಹತ್ತಿರ ಇದ್ದದ್ದು ಎಂಟು ವಾರ. ಒಂದು ಪ್ರಶ್ನೆ ಬಂದರೆ ತಡೆದುಕೊಳ್ಳಬಹುದು, ಎರಡು ಬಂದರೆ ಕೊಲೋನ್ ಇಲ್ಲ. ಬರೀರಿ ಎಂದೆ. ಅದಕ್ಕೆ ನಾನು ಸಹಿ ಹಾಕಿದೆ, ಸಾಕ್ಷಿಯಾಗಿ ರಸೂಲಸಾಬ ಒಂದಲ್ಲ, ಎರಡು ಹೆಬ್ಬೆಟ್ಟು ಒತ್ತಿದ.

ಅರ್ಜಿ ಹೋಯಿತು, ಮಾರ್ಚೂ ಹೋಯಿತು. ಬಾಬುಲಾಲ ನಾನು ಕೇಳಿದಾಗೆಲ್ಲ ಆಗತೈತ್ರಿ ಆಗತೈತ್ರಿ ಎನ್ನುತ್ತಿದ್ದ, ಅವನ ಧೈರ್ಯ ಕಡಿಮೆಯಾದದ್ದು ದನಿಯಲ್ಲೇ ಗೊತ್ತಾಗುತ್ತಿತ್ತು. ನಾನು ಕೋಟು ಕೊಂಡೆ, ಸೀರೆ ಕೊಂಡೆ, ರೊಟ್ಟಿಗೆ ಹಿಟ್ಟು ಬೀಸಿಸಿದೆ. ಶಾಲೆಯಲ್ಲಿ ಯಾರಾದರೂ ಪಾಸ್‌ಪೋರ್ಟು ಬಂತೇ ಎಂದು ಕೇಳಿದರೆ, ಹೋಗುವುದು ಮೇ ಹದಿನಾರಕ್ಕೆ ಎಂದಷ್ಟೇ ಹೇಳುತ್ತಿದ್ದೆ.

ಏಪ್ರಿಲ್ ಹದಿನೆಂಟಕ್ಕೆ ವಿಚಾರಣೆಗೆ ಪೊಲೀಸರು ಬಂದರು. ಕಾಯಂ ವಿಳಾಸ ಸಾಲೋಟಗಿ ಎಂದು ಬರೆದಿದ್ದರಿಂದ ಒಬ್ಬ ಪೇದೆ ಸೈಕಲ್ ಮೇಲೆ ಅಲ್ಲಿಗೆ ಬಂದಿದ್ದ, ಗುರಣ್ಣ ಹೇಳಿ ಕಳಿಸಿದ್ದಕ್ಕೆ ನಾನೂ ಹೋದೆ. ಪೇದೆ ಒಳ್ಳೆಯ ಮನುಷ್ಯ, ಆದರೆ ಪ್ರಮಾಣಪತ್ರ ಓದಿ ಓದಿ ಅವನಿಗೆ ತಲೆ ಕೆಟ್ಟಿತ್ತು. ಒಂದು ಸಾಲಿನಲ್ಲಿ ಬರೆದು ಕಳಿಸಬೇಕು, ಇದನ್ನು ಒಂದು ಸಾಲಿನಲ್ಲಿ ಹೇಗೆ ಬರೆಯಲಿ ಎಂದು ಗೊಣಗಿದ. ಕೊನೆಗೆ ರಸೂಲಸಾಬನ ಮನೆಗೆ ಹೋಗಿ ಅವನನ್ನೇ ಕೇಳಿದ, ಇವರ ತಂದೆ ಯಾರು ಎಂದು.

ನಾನು ಬಾಗಿಲ ಹತ್ತಿರ ನಿಂತಿದ್ದೆ. ಅವನು ತಾನೇ ತಂದೆ ಎಂದರೆ ನನ್ನ ಅರ್ಜಿ ಅಲ್ಲಿಗೇ ಮುಗಿದ ಹಾಗೆ. ಅವನಿಗೂ ಅದು ಗೊತ್ತಿತ್ತು.

“ಹಡದಾಂವ ಮಾಳಿಂಗಪ್ಪ,” ಎಂದ ರಸೂಲಸಾಬ. “ಅದನ್ನ ಬರ್ಕೊರಿ.”

ಪೇದೆ ಬರೆದುಕೊಂಡ. ಮತ್ತೆ ನೀವು ಏನಾಗಬೇಕು ಎಂದು ಕೇಳಿದ. ಮುದುಕ ಅವನ ದನಿ ಬಂದ ಕಡೆ ಮುಖ ತಿರುಗಿಸಿದ.

“ನನ್ನ ಹೆಸರೇನು ಬ್ಯಾಡ್ರಿ. ಆದ್ರ ಪರದೇಶದಾಗ ಇಕಿಗೇನರ ಆತಂದ್ರ, ತಾರು ನನ್ನ ಮನಿಗೆ ಬರ್ಲಿ. ಇಷ್ಟು ಮಾಡ್ರಿ.”

ಟೆಲಿಗ್ರಾಂ ಯಾರ ಮನೆಗೆ ಬರಬೇಕು ಎಂದು ಬರೆಯಲು ತನ್ನ ಹತ್ತಿರ ಜಾಗವಿಲ್ಲ ಎಂದು ಪೇದೆ ಡೈರಿ ಮುಚ್ಚಿ ಸೈಕಲ್ ಹತ್ತಿದ. ನಾನು ಅತ್ತೆ. ಗುರಣ್ಣನ ಎದುರು, ಶಮಶಾದಬಿಯ ಎದುರು, ಓಣಿಯ ಅರ್ಧ ಮಂದಿಯ ಎದುರು ಅತ್ತೆ. ಮೂರು ಕೂಸು ಸತ್ತ ಮನೆಯಿಂದ ನನ್ನನ್ನು ಉಳಿಸಿಕೊಳ್ಳಲು ಒಂದು ಸೇರು ಜೋಳ ಕೊಟ್ಟವನು, ನಾನು ಉಳಿದೆನೋ ಇಲ್ಲವೋ ಎಂಬ ಸುದ್ದಿ ತನಗೇ ಮೊದಲು ತಿಳಿಯಬೇಕು ಎನ್ನುತ್ತಿದ್ದ. ಹಡೆದವರೂ ಇಷ್ಟು ಕೇಳಿರಲಿಕ್ಕಿಲ್ಲ.

ಗುಮಾಸ್ತ ಒಂದೂ ಪ್ರಶ್ನೆ ಕೇಳಲಿಲ್ಲ. ಏಪ್ರಿಲ್ ಇಪ್ಪತ್ತೊಂಬತ್ತಕ್ಕೆ ರಿಜಿಸ್ಟರ್ ಟಪಾಲಿನಲ್ಲಿ ಪಾಸ್‌ಪೋರ್ಟು ಬಂತು. ತಂದೆಯ ಹೆಸರು ಮಾಳಿಂಗಪ್ಪ, ಹುಟ್ಟಿದ್ದು ಜೂನ್ ಒಂದು, ಹುಟ್ಟಿದ ಊರು ಸಾಲೋಟಗಿ. ಅದನ್ನು ಹಿಡಿದುಕೊಂಡು ಸಿಕ್ಕ ಬಸ್ಸು ಹತ್ತಿ ಸಿಂದಗಿಗೆ ಹೋದೆ. ಬಾಬುಲಾಲ ಪಾಸ್‌ಪೋರ್ಟನ್ನು ತಿರುಗಿಸಿ ತಿರುಗಿಸಿ ನೋಡಿ, ನಾ ಮೊದಲಽ ಹೇಳಿದ್ನಿಲ್ರಿ ಎಂದು ಎದೆ ಉಬ್ಬಿಸಿದ. ಟಿಕೆಟಿನ ಉಳಿದ ರೊಕ್ಕ ಕಟ್ಟಿಸಿಕೊಂಡು ವಿಮಾನದ ಕಂಪನಿಯ ಒಂದು ಫಾರ್ಮನ್ನು ನನ್ನ ಮುಂದೆ ಸರಿಸಿದ. ಹೆಸರು, ವಿಳಾಸ, ಪಾಸ್‌ಪೋರ್ಟಿನ ನಂಬರು ತುಂಬಿದೆ. ಎಲ್ಲಕ್ಕಿಂತ ಕೆಳಗೆ, ಪ್ರಯಾಣದಲ್ಲಿ ಅಪಘಾತವೇನಾದರೂ ಆದರೆ ಯಾರಿಗೆ ತಿಳಿಸಬೇಕು ಎಂದಿತ್ತು. ರಸೂಲಸಾಬ ನದಾಫ, ಸಾಲೋಟಗಿ, ತಾಲೂಕು ಇಂಡಿ ಎಂದು ಬರೆದೆ. ಅದರ ಮುಂದೆ ಸಂಬಂಧ ಎಂದು ಇನ್ನೊಂದು ಗೆರೆ. ಅಲ್ಲಿ ತಂದೆ ಎಂದು ಬರೆದೆ.

ಬಾಬುಲಾಲ ಫಾರ್ಮನ್ನೂ ಪಾಸ್‌ಪೋರ್ಟನ್ನೂ ಪಕ್ಕ ಪಕ್ಕ ಇಟ್ಟು ನೋಡಿದ. ಪೆನ್ನಿನ ತುದಿಯಿಂದ ಒಂದು ಹೆಸರು ಮುಟ್ಟಿದ, ಇನ್ನೊಂದು ಹೆಸರು ಮುಟ್ಟಿದ.

“ಅಕ್ಕಾರ, ಎರಡೂ ಹೊಂದೂದಿಲ್ಲಲ್ರಿ,” ಎಂದ.

“ಹೊಂದೂದಿಲ್ಲ,” ಎಂದೆ. “ಹಂಗಽ ಕಳಸು.”